ಮರುಕಳಿಸುವ ಲಿಂಫೋಮಾ: ನಿಧಾನಗತಿಯ ರೋಗವನ್ನು ಅರಿತು ನಡೆಯುವ ಬಗೆ

ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹೆಚ್ಚಿನವರ ಮನಸ್ಸಿನಲ್ಲಿ ಎರಡು ಭಾವನೆಗಳು ಮೂಡುತ್ತವೆ. ಕೂಡಲೇ ಚಿಕಿತ್ಸೆ ಆರಂಭಿಸದಿದ್ದರೆ ಪ್ರಾಣಕ್ಕೆ ಅಪಾಯ ಎಂಬುದು ಮೊದಲನೆಯದು. ಒಮ್ಮೆ ಶಮನವಾದ ರೋಗ ಮತ್ತೆ ಕಾಣಿಸಿಕೊಂಡರೆ ಅಲ್ಲಿಗೆ ಎಲ್ಲವೂ ಮುಗಿಯಿತು ಎಂಬುದು ಎರಡನೆಯದು. ಅನೇಕ ಬಗೆಯ ಕ್ಯಾನ್ಸರುಗಳ ವಿಷಯದಲ್ಲಿ ಈ ಭಾವನೆಗಳಿಗೆ ಆಧಾರವಿಲ್ಲದಿಲ್ಲ. ಆದರೆ ಇವೆರಡೂ ಹಾಗೆಯೇ ಅನ್ವಯವಾಗದ ಒಂದು ಕ್ಯಾನ್ಸರ್ ಇದೆ. ಅದು ವರ್ಷಗಳ ಕಾಲ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಕೆಲವೊಮ್ಮೆ ಔಷಧವಿಲ್ಲದೆಯೇ ಕುಗ್ಗುತ್ತದೆ. ಔಷಧ ಕೊಟ್ಟಾಗ ಬಹುಮಟ್ಟಿಗೆ ಕರಗಿಹೋಗುತ್ತದೆ. ಬಳಿಕ ಕೆಲವು ವರ್ಷ ಮರೆಯಾಗಿದ್ದು ಮತ್ತೆ ತಲೆಯೆತ್ತುತ್ತದೆ. ಹೀಗೆ ಹಲವು ಬಾರಿ ಬಂದು ಹೋದರೂ ರೋಗಿಯು ಹದಿನೈದು, ಇಪ್ಪತ್ತು ವರ್ಷ ತಮ್ಮ ಕಾಯಕದಲ್ಲಿ ತೊಡಗಿ ಬಾಳುವುದುಂಟು. ಫಾಲಿಕ್ಯುಲರ್ ಲಿಂಫೋಮಾ ಎಂಬುದು ಇದರ ಹೆಸರು.

ಈ ರೋಗದ ಸ್ವಭಾವವನ್ನು ಅರಿಯದ ಕುಟುಂಬಗಳು ಎರಡು ಬಗೆಯಲ್ಲಿ ನಷ್ಟ ಅನುಭವಿಸುತ್ತವೆ. ಕೆಲವರು ಅವಸರಪಟ್ಟು ಬೇಡದ ಕಾಲದಲ್ಲಿ ಚಿಕಿತ್ಸೆಗಾಗಿ ಹೊಲಮನೆ ಮಾರುತ್ತಾರೆ. ಇನ್ನು ಕೆಲವರು ರೋಗ ಮರಳಿದಾಗ ಕೈಚೆಲ್ಲಿ ಕುಳಿತು, ದೊರೆಯಬಹುದಾಗಿದ್ದ ಒಳ್ಳೆಯ ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ಆದುದರಿಂದ ಈ ರೋಗ ಏನು, ಏಕೆ ಮರಳುತ್ತದೆ, ಮರಳಿದಾಗ ಮಾಡಬೇಕಾದದ್ದೇನು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ತಿಳಿಯೋಣ.

ರೋಗದ ಹುಟ್ಟು

ನಮ್ಮ ಶರೀರದಲ್ಲಿ ರಕ್ತನಾಳಗಳ ಜೊತೆಗೆ ಇನ್ನೊಂದು ನಾಳಗಳ ಜಾಲ ಹರಡಿಕೊಂಡಿದೆ. ಅದರಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದು ಹೆಸರು. ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಕಾಳಿನ ಗಾತ್ರದ ದುಗ್ಧಗ್ರಂಥಿಗಳಿವೆ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಇವು ಕೈಗೆ ಸಿಗುವಷ್ಟು ಮೇಲಿದ್ದರೆ, ಎದೆ ಮತ್ತು ಹೊಟ್ಟೆಯ ಒಳಗೆ ಆಳದಲ್ಲಿರುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಏಳುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಸೋಂಕಿನೊಡನೆ ಹೋರಾಡಲು ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಒಟ್ಟುಗೂಡುವುದೇ ಅದಕ್ಕೆ ಕಾರಣ. ಇವುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ವರ್ಗಗಳಿವೆ. ಬಿ ಕಣಗಳು ಗ್ರಂಥಿಯೊಳಗಿನ ಫಾಲಿಕಲ್ ಎಂಬ ಪುಟ್ಟ ಗುಂಪುಗಳಲ್ಲಿ ಪಳಗಿ, ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ಸಜ್ಜಾಗುತ್ತವೆ.

ಲಿಂಫೋಸೈಟುಗಳು ಕ್ಯಾನ್ಸರಿಗೆ ತುತ್ತಾದರೆ ಅದು ಲಿಂಫೋಮಾ. ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಇಂತಹ ರೋಗವನ್ನು ಮೊದಲು ವಿವರಿಸಿದರು. ಅವರ ಹೆಸರಿನ ಹಾಡ್ಜ್‌ಕಿನ್ ಲಿಂಫೋಮಾ ಒಂದು ಬಗೆಯಾದರೆ, ಉಳಿದೆಲ್ಲವನ್ನೂ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ದೊಡ್ಡ ಗುಂಪಿನಲ್ಲಿ ಸೇರಿಸಲಾಗಿದೆ. ಈ ಗುಂಪಿನಲ್ಲಿ ವೇಗವಾಗಿ ಬೆಳೆಯುವವು ಕೆಲವು, ನಿಧಾನವಾಗಿ ಬೆಳೆಯುವವು ಕೆಲವು. ನಿಧಾನಗತಿಯವುಗಳಲ್ಲಿ ಹೆಚ್ಚು ಕಾಣಸಿಗುವುದು ಫಾಲಿಕ್ಯುಲರ್ ಲಿಂಫೋಮಾ. 1925ರಲ್ಲಿ ನ್ಯೂಯಾರ್ಕಿನ ನೇಥನ್ ಬ್ರಿಲ್ ಮತ್ತು ಅವರ ಸಹೋದ್ಯೋಗಿಗಳು, ಅನಂತರ ಡಗ್ಲಸ್ ಸಿಮ್ಮರ್ಸ್ ಇದನ್ನು ವರ್ಣಿಸಿದ್ದರಿಂದ ಬಹುಕಾಲ ಇದು ಬ್ರಿಲ್-ಸಿಮ್ಮರ್ಸ್ ರೋಗವೆಂದೇ ಕರೆಯಲ್ಪಡುತ್ತಿತ್ತು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದರ ಪ್ರಮಾಣ ಕಡಿಮೆ, ಆದರೆ ಅಪರೂಪವೇನಲ್ಲ. ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ ಇದು ಕಾಣಿಸುತ್ತದೆ.

ಇದರ ಮೂಲದಲ್ಲಿರುವ ದೋಷ ವಿಚಿತ್ರವಾದುದು. ಬಿ ಕಣವೊಂದು ಅಸ್ಥಿಮಜ್ಜೆಯಲ್ಲಿ ರೂಪುಗೊಳ್ಳುವಾಗ ಅದರ 14ನೆಯ ಮತ್ತು 18ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುತ್ತವೆ. ಈ ರೋಗವುಳ್ಳವರಲ್ಲಿ ಶೇಕಡ 85ರಷ್ಟು ಮಂದಿಯಲ್ಲಿ ಈ ಬದಲಾವಣೆ ಕಂಡುಬರುತ್ತದೆ. ಇದರ ಫಲವಾಗಿ ಬಿಸಿಎಲ್-2 ಎಂಬ ಪ್ರೋಟೀನು ಮಿತಿಮೀರಿ ತಯಾರಾಗುತ್ತದೆ. ಕೆಲಸ ಮುಗಿದ ಜೀವಕೋಶ ತಾನಾಗಿ ಸಾಯುವುದು ಶರೀರದ ನಿಯಮ. ಆ ಸಾವನ್ನು ತಡೆಯುವುದೇ ಬಿಸಿಎಲ್-2ರ ಕೆಲಸ. ಆದುದರಿಂದ ಇಲ್ಲಿ ಕಣಗಳು ಭರದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ, ಸಾಯಬೇಕಾದವು ಸಾಯದೆ ಉಳಿದು ಗುಡ್ಡೆಯಾಗುತ್ತವೆ. ಈ ರೋಗ ನಿಧಾನವಾಗಿ ಬೆಳೆಯುವುದರ ಗುಟ್ಟು ಇದೇ. ಆರೋಗ್ಯವಂತರ ರಕ್ತದಲ್ಲಿಯೂ ಇಂತಹ ಬದಲಾವಣೆಯುಳ್ಳ ಕೆಲವು ಕಣಗಳು ದೊರೆಯುತ್ತವೆ. ಅವರೆಲ್ಲರಿಗೂ ರೋಗ ಬರುವುದಿಲ್ಲ. ಇನ್ನೂ ಹಲವು ದೋಷಗಳು ಒಂದರ ಮೇಲೊಂದು ಸೇರಿದಾಗಲಷ್ಟೇ ಲಿಂಫೋಮಾ ಉಂಟಾಗುತ್ತದೆ. ಇದು ಅಂಟುರೋಗವಲ್ಲ. ತಟ್ಟೆ, ಲೋಟ, ಹಾಸಿಗೆಗಳಿಂದ ಹರಡುವುದಿಲ್ಲ. ರೋಗಿಯನ್ನು ದೂರವಿಡಲು ಯಾವ ಕಾರಣವೂ ಇಲ್ಲ.

ಗಂಟೆಲ್ಲ ಕ್ಷಯವಲ್ಲ

ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು ಕಾಣಿಸುವುದು ಇದರ ಸಾಮಾನ್ಯ ಲಕ್ಷಣ. ನೋವಿಲ್ಲವೆಂಬ ಕಾರಣಕ್ಕೇ ಜನ ಅದನ್ನು ಉಪೇಕ್ಷಿಸುತ್ತಾರೆ. ಕೆಲವರಿಗೆ ಜ್ವರ, ಹೊದಿಕೆ ಒದ್ದೆಯಾಗುವಷ್ಟು ರಾತ್ರಿ ಬೆವರು, ಆರು ತಿಂಗಳಲ್ಲಿ ದೇಹತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ ಕಾಣಬಹುದು. ನಮ್ಮ ದೇಶದಲ್ಲಿ ದುಗ್ಧಗ್ರಂಥಿಯ ಕ್ಷಯರೋಗವೂ ಹೆಚ್ಚಾಗಿರುವುದರಿಂದ ಹಾಗೂ ಅದರ ಲಕ್ಷಣಗಳೂ ಹೀಗೆಯೇ ಇರುವುದರಿಂದ, ಗಂಟಿನ ಪರೀಕ್ಷೆ ಮಾಡದೆಯೇ ಕ್ಷಯದ ಮಾತ್ರೆ ಆರಂಭಿಸುವುದುಂಟು. ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಗಂಟು ಕರಗದಿದ್ದಾಗ ಮಾತ್ರ ಬೇರೆ ಯೋಚನೆ ಬರುತ್ತದೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಸೂಜಿಯಿಂದ ಹೀರಿ ತೆಗೆದ ಕೆಲವು ಕಣಗಳಿಂದ ಈ ರೋಗವನ್ನು ಖಚಿತವಾಗಿ ನಿರ್ಣಯಿಸುವುದು ಕಷ್ಟ. ಗ್ರಂಥಿಯೊಳಗೆ ಕಣಗಳು ಯಾವ ವಿನ್ಯಾಸದಲ್ಲಿ ಕೂಡಿಕೊಂಡಿವೆ ಎಂಬುದೇ ಮುಖ್ಯವಾದ ಸುಳಿವಾದುದರಿಂದ, ಸಾಧ್ಯವಾದರೆ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಬಯಾಪ್ಸಿ ಮಾಡಿಸಬೇಕು. ಬಳಿಕ ಸಿಡಿ20, ಸಿಡಿ10, ಬಿಸಿಎಲ್-2 ಮುಂತಾದ ಗುರುತುಗಳ ವಿಶೇಷ ಪರೀಕ್ಷೆ ನಡೆಯುತ್ತದೆ. ಬಯಾಪ್ಸಿಗೆ ಮುನ್ನ ಸ್ಟೀರಾಯ್ಡ್ ಔಷಧ ಸೇವಿಸಿದರೆ ಗಂಟು ತಾತ್ಕಾಲಿಕವಾಗಿ ಕುಗ್ಗಿ ರೋಗನಿರ್ಣಯವೇ ದಾರಿ ತಪ್ಪಬಹುದು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವಿರುವುದರಿಂದ ಅವುಗಳಿಂದ ಗಂಟು ಇಳಿಯಿತೆಂದು ಸಂಭ್ರಮಿಸುವಂತಿಲ್ಲ.

ಕಾದು ನೋಡುವುದೂ ಒಂದು ಕ್ರಮ

ರೋಗ ಪತ್ತೆಯಾದಾಗ ಹೆಚ್ಚಿನವರಲ್ಲಿ ಅದು ಶರೀರದ ಹಲವು ಕಡೆ, ಅನೇಕರಲ್ಲಿ ಅಸ್ಥಿಮಜ್ಜೆಯಲ್ಲಿಯೂ ಹರಡಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ಹಂತವೆಂದು ವರದಿಯಲ್ಲಿ ಓದಿದೊಡನೆ ಮನೆಯವರು ಎದೆಗುಂದುತ್ತಾರೆ. ಇತರ ಕ್ಯಾನ್ಸರುಗಳಲ್ಲಿ ನಾಲ್ಕನೆಯ ಹಂತಕ್ಕಿರುವ ಅರ್ಥ ಇಲ್ಲಿಲ್ಲ. ರೋಗಿಗೆ ತೊಂದರೆಯಿಲ್ಲದಿದ್ದರೆ, ಗಂಟುಗಳು ಚಿಕ್ಕವಿದ್ದರೆ, ರಕ್ತದ ಎಣಿಕೆ ಸರಿಯಿದ್ದರೆ ವೈದ್ಯರು ಔಷಧ ಕೊಡದೆ ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಕಾಯಬಹುದು.

ಇದು ಉದಾಸೀನವಲ್ಲ, ಪರೀಕ್ಷೆಗೆ ಒಳಪಟ್ಟ ಕ್ರಮ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆರಂಭದಲ್ಲಿ ಚಿಕಿತ್ಸೆ ಪಡೆಯದ ನಿಧಾನಗತಿಯ ಲಿಂಫೋಮಾದ 83 ರೋಗಿಗಳಲ್ಲಿ 19 ಮಂದಿಯ ಗಂಟುಗಳು ತಾವಾಗಿಯೇ ಕುಗ್ಗಿದ್ದವು. ಬ್ರಿಟನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಕೂಡಲೇ ಔಷಧ ಕೊಟ್ಟು, ಇನ್ನು ಕೆಲವರನ್ನು ಕಾದು ನೋಡಲಾಯಿತು. ಎರಡೂ ಗುಂಪುಗಳವರು ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹತ್ತು ವರ್ಷವಾದರೂ ಕೀಮೋಥೆರಪಿಯ ಅಗತ್ಯವೇ ಬೀಳಲಿಲ್ಲ. ಇದೇ ನೀತಿ ಮರುಕಳಿಸಿದ ರೋಗಕ್ಕೂ ಅನ್ವಯಿಸುತ್ತದೆ. ಸ್ಕ್ಯಾನಿನಲ್ಲಿ ಚಿಕ್ಕದೊಂದು ಗಂಟು ಮತ್ತೆ ಕಂಡಿತೆಂಬ ಕಾರಣ ಮಾತ್ರದಿಂದ ಔಷಧ ಆರಂಭಿಸಬೇಕಾಗಿಲ್ಲ.

ಹಾಗಾದರೆ ಔಷಧ ಯಾವಾಗ? ಒಂದು ಗಂಟು ಏಳು ಸೆಂಟಿಮೀಟರಿಗಿಂತ ದೊಡ್ಡದಾದಾಗ, ಮೂರಕ್ಕಿಂತ ಕಡಿಮೆಯಲ್ಲದ ಕಡೆಗಳಲ್ಲಿ ಮೂರು ಸೆಂಟಿಮೀಟರು ಮೀರಿದ ಗಂಟುಗಳಿದ್ದಾಗ, ಜ್ವರ, ಬೆವರು, ತೂಕದ ಇಳಿಕೆ ಆರಂಭವಾದಾಗ, ಪ್ಲೀಹ ಊದಿಕೊಂಡಾಗ, ಎದೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದಾಗ, ಗಂಟು ಮೂತ್ರಕೋಶದ ನಾಳವನ್ನೋ ಉಸಿರಿನ ದಾರಿಯನ್ನೋ ಒತ್ತಿದಾಗ, ಅಸ್ಥಿಮಜ್ಜೆ ತುಂಬಿ ರಕ್ತಕಣಗಳು ಕಡಿಮೆಯಾದಾಗ. ಇವುಗಳಲ್ಲಿ ಯಾವುದಿದ್ದರೂ ಕಾಯುವುದು ತರವಲ್ಲ.

ಮರಳುವುದೇಕೆ, ಜಗ್ಗದಿರುವುದೆಂದರೇನು

ಚಿಕಿತ್ಸೆಯಿಂದ ಗಂಟುಗಳೆಲ್ಲ ಕರಗಿ ಸ್ಕ್ಯಾನ್ ಶುಭ್ರವಾದರೂ ರೋಗದ ಬೇರು ಒಳಗೆ ಉಳಿದಿರಬಹುದು. ಹೊಲದಲ್ಲಿ ಕಳೆ ಕಿತ್ತ ಮೇಲೂ ಮಣ್ಣಿನಲ್ಲಿ ಉಳಿದ ಗರಿಕೆಯ ಬೇರು ಮುಂದಿನ ಮಳೆಗೆ ಚಿಗುರುವಂತೆ, ಪೂರ್ಣ ಕ್ಯಾನ್ಸರಾಗಿ ಇನ್ನೂ ಮಾರ್ಪಡದ, ಆದರೆ ಮೂಲದೋಷವನ್ನು ಹೊತ್ತ ಪೂರ್ವಜ ಕಣಗಳು ಅಸ್ಥಿಮಜ್ಜೆಯಲ್ಲಿಯೂ ಗ್ರಂಥಿಗಳಲ್ಲಿಯೂ ಸುಪ್ತವಾಗಿರುತ್ತವೆ. ಅವು ಔಷಧಕ್ಕೆ ಸುಲಭವಾಗಿ ಸಿಲುಕುವುದಿಲ್ಲ. ವರ್ಷಗಳ ಬಳಿಕ ಅವುಗಳಿಂದ ಹೊಸ ಕವಲೊಡೆದಾಗ ರೋಗ ಮರಳುತ್ತದೆ. ಹೀಗೆ ಬಂದ ಕವಲು ಹಳೆಯದರ ಯಥಾಪ್ರತಿಯಾಗಿರಬೇಕೆಂದಿಲ್ಲ. ಹಿಂದೆ ಕೊಟ್ಟ ಔಷಧ ಹಿಡಿಯುತ್ತಿದ್ದ ಗುರುತನ್ನೇ ಅದು ಕಳೆದುಕೊಂಡಿರಬಹುದು. ರೋಗಿಯ ಆಹಾರದಲ್ಲಿ ತಪ್ಪಾಯಿತೆಂದೋ ಆಚರಣೆಯಲ್ಲಿ ಲೋಪವಾಯಿತೆಂದೋ ರೋಗ ಮರಳುವುದಿಲ್ಲ. ರೋಗಿಯನ್ನಾಗಲಿ ಆರೈಕೆ ಮಾಡುವ ಸೊಸೆಯನ್ನಾಗಲಿ ದೂಷಿಸುವುದು ಅನ್ಯಾಯ.

ವೈದ್ಯರು ಬಳಸುವ ಎರಡು ಪದಗಳ ಭೇದವನ್ನು ತಿಳಿದಿರಬೇಕು. ಚಿಕಿತ್ಸೆಗೆ ಚೆನ್ನಾಗಿ ಬಗ್ಗಿ, ಕೆಲವು ಕಾಲ ಮರೆಯಾಗಿದ್ದು ಮತ್ತೆ ಬಂದ ರೋಗ ಮರುಕಳಿಸಿದ ರೋಗ. ಚಿಕಿತ್ಸೆ ನಡೆಯುತ್ತಿರುವಾಗಲೇ ಬೆಳೆಯುವ, ಅಥವಾ ಚಿಕಿತ್ಸೆ ಮುಗಿದ ಆರು ತಿಂಗಳೊಳಗೆ ತಲೆಯೆತ್ತುವ ರೋಗವನ್ನು ಚಿಕಿತ್ಸೆಗೆ ಜಗ್ಗದ ರೋಗವೆನ್ನುತ್ತಾರೆ. ಮೊದಲನೆಯದರಲ್ಲಿ ಅದೇ ಔಷಧ ಮತ್ತೊಮ್ಮೆ ಫಲ ಕೊಡಬಹುದು. ಎರಡನೆಯದರಲ್ಲಿ ಬೇರೆ ದಾರಿ ಹುಡುಕಲೇಬೇಕು.

ರೋಗ ಮರಳಲು ತೆಗೆದುಕೊಂಡ ಕಾಲವೇ ಅದರ ಸ್ವಭಾವವನ್ನು ಹೇಳುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ವಿಷಯವನ್ನು ಸ್ಪಷ್ಟಪಡಿಸಿತು. ಮೊದಲ ಕೀಮೋಥೆರಪಿ ಪಡೆದವರಲ್ಲಿ ಸುಮಾರು ಐದನೆಯ ಒಂದು ಭಾಗದವರಿಗೆ ಎರಡು ವರ್ಷದೊಳಗೆ ರೋಗ ಮರಳಿತು. ಅವರಲ್ಲಿ ಐದು ವರ್ಷ ಬದುಕಿದವರು ಶೇಕಡ 50ರಷ್ಟು; ಹಾಗೆ ಬೇಗನೆ ಮರಳದವರಲ್ಲಿ ಶೇಕಡ 90ರಷ್ಟು. ಆದುದರಿಂದ ಎರಡು ವರ್ಷ ದಾಟಿದ್ದು ಒಂದು ಒಳ್ಳೆಯ ಮೈಲಿಗಲ್ಲು. ಅದಕ್ಕೆ ಮುನ್ನವೇ ಮರಳಿದರೆ ದೊಡ್ಡ ಕೇಂದ್ರದ ಪರಿಣತರನ್ನು ತಡಮಾಡದೆ ಕಾಣಬೇಕು. ಪ್ರತಿ ಬಾರಿ ಮರಳಿದಾಗ ಮುಂದಿನ ವಿರಾಮದ ಅವಧಿ ಸಾಮಾನ್ಯವಾಗಿ ಮೊದಲಿಗಿಂತ ಕಿರಿದಾಗುತ್ತ ಹೋಗುತ್ತದೆ ಎಂಬ ಸತ್ಯವನ್ನೂ ಮರೆಮಾಚಬಾರದು.

ಮೊದಲ ಹೆಜ್ಜೆ: ಮತ್ತೊಮ್ಮೆ ಬಯಾಪ್ಸಿ

ರೋಗ ಮರಳಿತೆಂಬ ಸಂದೇಹ ಬಂದಾಗ ವೈದ್ಯರು ಮತ್ತೆ ಬಯಾಪ್ಸಿ ಮಾಡಿಸಲು ಹೇಳುತ್ತಾರೆ. ‘ಒಮ್ಮೆ ಗೊತ್ತಾದ ರೋಗಕ್ಕೆ ಮತ್ತೆ ಕತ್ತರಿಯೇಕೆ, ಖರ್ಚೇಕೆ’ ಎಂದು ಅನೇಕರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅಪಾಯಕಾರಿ. ಕಾರಣವೇನೆಂದರೆ, ನಿಧಾನಗತಿಯ ಲಿಂಫೋಮಾ ವೇಗಗತಿಯ ಲಿಂಫೋಮಾವಾಗಿ ರೂಪಾಂತರ ಹೊಂದಬಲ್ಲದು. ವರ್ಷಕ್ಕೆ ನೂರರಲ್ಲಿ ಎರಡು ಮೂರು ರೋಗಿಗಳಲ್ಲಿ ಹೀಗಾಗುತ್ತದೆ. ರೂಪಾಂತರಗೊಂಡ ರೋಗಕ್ಕೆ ಚಿಕಿತ್ಸೆಯೇ ಬೇರೆ, ಅವಸರವೂ ಬೇರೆ.

ವರ್ಷಗಳಿಂದ ಸುಮ್ಮನಿದ್ದ ಗಂಟುಗಳಲ್ಲಿ ಒಂದು ಮಾತ್ರ ಕೆಲವೇ ವಾರಗಳಲ್ಲಿ ದೊಡ್ಡದಾಗುವುದು, ಹೊಸದಾಗಿ ಜ್ವರ, ಬೆವರು ಕಾಣಿಸುವುದು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಅಂಶ ಥಟ್ಟನೆ ಏರುವುದು ಇದರ ಸೂಚನೆಗಳು. ಪೆಟ್ ಸ್ಕ್ಯಾನಿನಲ್ಲಿ ಅತಿ ಹೆಚ್ಚು ಹೊಳೆಯುವ ಗ್ರಂಥಿಯಿಂದಲೇ ತುಣುಕು ತೆಗೆಯುವುದು ಸರಿಯಾದ ಕ್ರಮ. ಹೊಳೆಯುವುದೆಲ್ಲ ಲಿಂಫೋಮಾವೇ ಎಂದೂ ಹೇಳಲಾಗದು. ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕ್ಷಯರೋಗವೂ ಹಾಗೆಯೇ ಹೊಳೆಯುತ್ತದೆ. ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಕ್ಷಯವನ್ನು ಕ್ಯಾನ್ಸರೆಂದು ತಿಳಿದು ಕೀಮೋಥೆರಪಿ ಕೊಟ್ಟರೂ ಹಾನಿ, ಕ್ಯಾನ್ಸರನ್ನು ಕ್ಷಯವೆಂದು ತಿಳಿದು ಕಾದರೂ ಹಾನಿ. ಒಂದು ಚಿಕ್ಕ ತುಣುಕಿನ ಪರೀಕ್ಷೆ ಎರಡೂ ಹಾನಿಗಳನ್ನು ತಪ್ಪಿಸುತ್ತದೆ.

ಇಂದು ಲಭ್ಯವಿರುವ ದಾರಿಗಳು

ಬಿ ಕಣಗಳ ಮೇಲ್ಮೈಯಲ್ಲಿರುವ ಸಿಡಿ20 ಎಂಬ ಗುರುತನ್ನು ಹಿಡಿದು ಅವುಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಮನ್ನಣೆ ದೊರೆತದ್ದು ಮರುಕಳಿಸಿದ ಅಥವಾ ಚಿಕಿತ್ಸೆಗೆ ಜಗ್ಗದ ನಿಧಾನಗತಿಯ ಲಿಂಫೋಮಾಕ್ಕಾಗಿಯೇ. ಅಲ್ಲಿಂದ ಈ ರೋಗದ ಇತಿಹಾಸ ಬದಲಾಯಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ ಇದರ ಸದೃಶ ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿದ ಮೇಲೆ ಸಾಮಾನ್ಯರಿಗೂ ಇದು ಸ್ವಲ್ಪ ಹತ್ತಿರವಾಯಿತು.

ಮೊದಲ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ರಿಟುಕ್ಸಿಮ್ಯಾಬಿನೊಂದಿಗೆ ಬೆಂಡಮಸ್ಟಿನ್ ಎಂಬ ಔಷಧವನ್ನೋ, ಚಾಪ್ ಎಂದು ಕರೆಯುವ ನಾಲ್ಕು ಔಷಧಗಳ ಕೂಟವನ್ನೋ ಕೊಡುತ್ತಾರೆ. ಮರಳಿದಾಗ ಹಿಂದೆ ಕೊಟ್ಟದ್ದೇನು, ಅದರ ಫಲ ಎಷ್ಟು ಕಾಲ ಉಳಿಯಿತು, ರೋಗಿಯ ವಯಸ್ಸು, ಹೃದಯ, ಮೂತ್ರಪಿಂಡಗಳ ಸ್ಥಿತಿ ಹೇಗಿದೆ ಎಂಬುದನ್ನು ನೋಡಿ ಮುಂದಿನ ದಾರಿ ನಿರ್ಧಾರವಾಗುತ್ತದೆ. ರಿಟುಕ್ಸಿಮ್ಯಾಬಿಗೆ ಜಗ್ಗದವರಲ್ಲಿ ಅದೇ ಗುರುತನ್ನು ಇನ್ನೂ ಬಲವಾಗಿ ಹಿಡಿಯುವ ಒಬಿನುಟುಜುಮ್ಯಾಬ್ ಬಳಕೆಯಲ್ಲಿದೆ.

ಲೆನಾಲಿಡೋಮೈಡ್ ಎಂಬುದು ನುಂಗುವ ಗುಳಿಗೆ. ಇದು ರೋಗನಿರೋಧಕ ಕಣಗಳನ್ನು ಎಚ್ಚರಿಸಿ ರಿಟುಕ್ಸಿಮ್ಯಾಬಿನ ಕೆಲಸಕ್ಕೆ ನೆರವಾಗುತ್ತದೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ರಿಟುಕ್ಸಿಮ್ಯಾಬ್ ಒಂದನ್ನೇ ಪಡೆದವರಲ್ಲಿ ರೋಗವು ಮುಂದುವರಿಯದೆ ನಿಂತದ್ದು ಸುಮಾರು 14 ತಿಂಗಳಾದರೆ, ಎರಡನ್ನೂ ಪಡೆದವರಲ್ಲಿ ಸುಮಾರು 39 ತಿಂಗಳು. ಈ ಗುಳಿಗೆ ಭಾರತದಲ್ಲಿಯೂ ತಯಾರಾಗುತ್ತಿರುವುದು ಅನುಕೂಲಕರ. ಆದರೆ ಇದು ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸಬಲ್ಲದು. ಆದುದರಿಂದ ವೈದ್ಯರ ಕಣ್ಗಾವಲಿಲ್ಲದೆ ತೆಗೆದುಕೊಳ್ಳಕೂಡದು.

ಒಂದೇ ಕಡೆ ಗಂಟು ನೋವು ಕೊಡುತ್ತಿದ್ದರೆ ವಿಕಿರಣ ಚಿಕಿತ್ಸೆ ಉಪಯುಕ್ತ. ಈ ಲಿಂಫೋಮಾ ವಿಕಿರಣಕ್ಕೆ ಬಹಳ ಬೇಗ ಕರಗುವುದರಿಂದ, ಎರಡೇ ದಿನಗಳಲ್ಲಿ ಕೊಡಬಹುದಾದ ಒಟ್ಟು 4 ಗ್ರೇಯಷ್ಟು ಅಲ್ಪ ಪ್ರಮಾಣವೂ ಅನೇಕರಿಗೆ ಪರಿಹಾರ ನೀಡುತ್ತದೆ. ವಯೋವೃದ್ಧರಿಗೆ ಇದೊಂದು ಸುಲಭೋಪಾಯ. ರೋಗ ಬೇಗ ಮರಳಿದ, ದೇಹ ಗಟ್ಟಿಯಿರುವ ಕಿರಿಯರಲ್ಲಿ, ಅವರದೇ ಮೂಲಕಣಗಳನ್ನು ಮೊದಲೇ ತೆಗೆದಿಟ್ಟು, ಹೆಚ್ಚಿನ ಪ್ರಮಾಣದ ಕೀಮೋಥೆರಪಿಯ ಬಳಿಕ ಹಿಂದಿರುಗಿಸುವ ಕಸಿ ಚಿಕಿತ್ಸೆಯನ್ನು ಯೋಚಿಸುತ್ತಾರೆ.

ಎರಡು ಅಥವಾ ಹೆಚ್ಚು ಬಾರಿ ಚಿಕಿತ್ಸೆಯಾಗಿಯೂ ಮರಳಿದ ರೋಗಕ್ಕೆ ಈಚಿನ ವರ್ಷಗಳಲ್ಲಿ ಎರಡು ಹೊಸ ದಾರಿಗಳು ತೆರೆದಿವೆ. ಮೊದಲನೆಯದು ಎರಡು ಕೈಗಳುಳ್ಳ ಪ್ರತಿಕಾಯ. ಒಂದು ಕೈಯಿಂದ ಲಿಂಫೋಮಾ ಕಣವನ್ನೂ ಇನ್ನೊಂದರಿಂದ ರೋಗಿಯ ಟಿ ಕಣವನ್ನೂ ಹಿಡಿದು, ಎರಡನ್ನೂ ಎದುರುಬದುರು ನಿಲ್ಲಿಸುವುದೇ ಇದರ ಉಪಾಯ. ಈ ವರ್ಗದ ಮೊಸುನೆಟುಜುಮ್ಯಾಬಿಗೆ 2022ರಲ್ಲಿ ಅಮೆರಿಕ ಮನ್ನಣೆ ನೀಡಿತು. ಪರೀಕ್ಷೆಯಲ್ಲಿ ಹತ್ತರಲ್ಲಿ ಆರು ಮಂದಿಯ ರೋಗ ಸ್ಕ್ಯಾನಿನಲ್ಲಿ ಪೂರ್ತಿ ಮರೆಯಾಯಿತು.

ಎರಡನೆಯದು ಕಾರ್-ಟಿ ಚಿಕಿತ್ಸೆ. ರೋಗಿಯ ರಕ್ತದಿಂದ ಟಿ ಕಣಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವುಗಳೊಳಗೆ ಹೊಸ ಜೀನ್ ಸೇರಿಸಿ, ಲಿಂಫೋಮಾ ಕಣವನ್ನು ಗುರುತಿಸುವಂತೆ ಪಳಗಿಸಿ, ಸಂಖ್ಯೆಯಲ್ಲಿ ಬೆಳೆಸಿ ಮತ್ತೆ ರೋಗಿಯ ರಕ್ತಕ್ಕೇ ಹರಿಸುತ್ತಾರೆ. ನಮ್ಮ ದೇಶದ ಐಐಟಿ ಮುಂಬಯಿ ಮತ್ತು ಟಾಟಾ ಸ್ಮಾರಕ ಕೇಂದ್ರಗಳು ಕೂಡಿ ಅಭಿವೃದ್ಧಿಪಡಿಸಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ 2025ರಲ್ಲಿ ಇಂತಹ ಚಿಕಿತ್ಸೆಯೊಂದನ್ನು ಹೊರತಂದಿದೆ. ವಿದೇಶಗಳಲ್ಲಿ ಕೋಟಿಗಳಲ್ಲಿರುವ ವೆಚ್ಚ ಇಲ್ಲಿ ಲಕ್ಷಗಳಿಗೆ ಇಳಿದಿದೆ. ಆದರೂ ಹತ್ತಾರು ಲಕ್ಷ ರೂಪಾಯಿಗಳ ಹೊರೆ ಸಾಮಾನ್ಯ ಕುಟುಂಬಕ್ಕೆ ಇನ್ನೂ ಭಾರವೇ. ಈ ಎರಡೂ ದಾರಿಗಳಲ್ಲಿ ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಕೆಲವೊಮ್ಮೆ ಮಂಪರು, ಮಾತಿನ ತೊಡಕು ಉಂಟಾಗಬಹುದಾದುದರಿಂದ ಅನುಭವವುಳ್ಳ ಕೇಂದ್ರಗಳಲ್ಲಿ ಮಾತ್ರ ಇವನ್ನು ಮಾಡಿಸಬೇಕು.

ವೆಚ್ಚವೂ ವಿವೇಕವೂ

ದುಬಾರಿಯಾದುದೆಲ್ಲ ಎಲ್ಲರಿಗೂ ಉತ್ತಮವೆಂದು ತಿಳಿಯಬೇಕಾಗಿಲ್ಲ. ಎಂಟು ವರ್ಷದ ಬಳಿಕ ಚಿಕ್ಕ ಗಂಟುಗಳೊಂದಿಗೆ ರೋಗ ಮರಳಿದ ಎಪ್ಪತ್ತೈದರ ಹಿರಿಯರಿಗೂ, ಒಂದೇ ವರ್ಷದಲ್ಲಿ ಮರಳಿದ ನಲವತ್ತೈದರ ಗೃಹಿಣಿಗೂ ಒಂದೇ ಚಿಕಿತ್ಸೆ ಸಲ್ಲದು. ಮೊದಲನೆಯವರಿಗೆ ಕಾಯುವುದೋ ರಿಟುಕ್ಸಿಮ್ಯಾಬ್ ಒಂದೋ ಸಾಕಾಗಬಹುದು. ಎರಡನೆಯವರಿಗೆ ಬಲವಾದ ಚಿಕಿತ್ಸೆಯ ಆಲೋಚನೆ ಬೇಕಾಗಬಹುದು.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ ಆಶ್ರಯದಲ್ಲಿ ನಡೆಯುತ್ತಿದೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡುಳ್ಳ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ನೆರವಿನ ವ್ಯವಸ್ಥೆಯಿದೆ. ಚಿಕಿತ್ಸೆ ಆರಂಭಿಸುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಯಾವ ಔಷಧಕ್ಕೆ ನೆರವು ದೊರೆಯುತ್ತದೆ, ಯಾವುದಕ್ಕೆ ಇಲ್ಲ ಎಂದು ವಿಚಾರಿಸಬೇಕು. ಸಾಲ ಮಾಡಿದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ. ಹಳೆಯ ಬಯಾಪ್ಸಿಯ ಗಾಜಿನ ಪಟ್ಟಿಗಳು, ಮೇಣದ ಅಚ್ಚು, ವರದಿಗಳು, ಕೊಟ್ಟ ಔಷಧಗಳ ಪಟ್ಟಿ ಇವೆಲ್ಲವನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಬೇಕು. ಹತ್ತು ವರ್ಷದ ಬಳಿಕ ರೋಗ ಮರಳಿದಾಗ ಆ ಚೀಲವೇ ವೈದ್ಯರಿಗೆ ದಾರಿದೀಪವಾಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು

ಈ ರೋಗವುಳ್ಳವರಿಗೆ ಸೋಂಕು ಒಂದು ದೊಡ್ಡ ಶತ್ರು. ರೋಗವೂ ಅದರ ಔಷಧಗಳೂ ಪ್ರತಿಕಾಯ ತಯಾರಿಸುವ ಬಿ ಕಣಗಳನ್ನೇ ಕುಂದಿಸುತ್ತವೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತಕಣಗಳು ಇಳಿದಿರುವ ದಿನಗಳಲ್ಲಿ ಜಾತ್ರೆ, ರಥೋತ್ಸವ, ಮದುವೆಗಳ ಜನಸಂದಣಿಯಿಂದ ದೂರವಿರುವುದು ಲೇಸು. ಮನೆಯಲ್ಲಿದ್ದೇ ನಮಿಸಿದರೂ ಭಕ್ತಿಗೆ ಕೊರತೆಯಾಗದು. ಚಿಕಿತ್ಸೆಯ ದಿನಗಳಲ್ಲಿ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಶ್ರಾವಣದ ಸೋಮವಾರವಾದರೂ ಔಷಧದ ವೇಳೆ ತಪ್ಪಿಸಕೂಡದು.

ರಿಟುಕ್ಸಿಮ್ಯಾಬ್ ಮುಂತಾದ ಔಷಧಗಳಿಗೆ ಮುನ್ನ ಹೆಪಟೈಟಿಸ್-ಬಿ ಪರೀಕ್ಷೆ ಕಡ್ಡಾಯ. ಯಾವಾಗಲೋ ಬಂದು ಯಕೃತ್ತಿನಲ್ಲಿ ಮಲಗಿರುವ ಆ ವೈರಾಣು ಈ ಔಷಧಗಳ ಬಳಿಕ ಎಚ್ಚೆತ್ತು ಪ್ರಾಣಾಪಾಯ ತರಬಹುದು. ಮೊದಲೇ ತಿಳಿದರೆ ಒಂದು ಗುಳಿಗೆಯಿಂದ ಅದನ್ನು ತಡೆಯಲು ಸಾಧ್ಯ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಚಿಕಿತ್ಸೆಗೆ ಮುನ್ನವೇ ಹಾಕಿಸಿಕೊಂಡರೆ ಫಲ ಹೆಚ್ಚು. ಜೀವಂತ ವೈರಾಣುವಿರುವ ಲಸಿಕೆಗಳು ಸಲ್ಲವು.

ಆಹಾರದಲ್ಲಿ ವಿಶೇಷ ಪಥ್ಯವೇನಿಲ್ಲ. ಆಗತಾನೆ ಮಾಡಿದ ರೊಟ್ಟಿ, ಮುದ್ದೆ, ಅನ್ನ, ಬೇಳೆ, ಬೇಯಿಸಿದ ಸೊಪ್ಪು ತರಕಾರಿ, ಕಾಯಿಸಿದ ಹಾಲು ಎಲ್ಲವೂ ಸಲ್ಲುತ್ತವೆ. ಹೆಚ್ಚಿಟ್ಟ ಹಣ್ಣು, ಬಿಸಿಲಲ್ಲಿ ತೆರೆದಿಟ್ಟ ತಿನಿಸು ಬೇಡ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂಬ ನಂಬಿಕೆಯಿಂದ ಅನೇಕರು ಅಮೃತಬಳ್ಳಿಯ ಕಷಾಯವನ್ನು ನಿತ್ಯ ಕುಡಿಯುತ್ತಾರೆ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳನ್ನು ಮುಂಬಯಿಯ ಯಕೃತ್ ತಜ್ಞರು 2021ರಲ್ಲಿ ವರದಿ ಮಾಡಿದ್ದಾರೆ. ಅಲ್ಲದೆ, ಈ ರೋಗ ರೋಗನಿರೋಧಕ ಕಣಗಳದ್ದೇ ಆಗಿರುವಾಗ, ಅವುಗಳನ್ನು ಕೆರಳಿಸುವೆವೆಂಬ ಔಷಧ ಸಹಾಯ ಮಾಡುವುದೆಂದು ಹೇಗೆ ನಂಬುವುದು? ಯಾವ ಮೂಲಿಕೆ ಸೇವಿಸುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಸತ್ಯವನ್ನು ಹೇಳುವ ಸೌಜನ್ಯ

ನಮ್ಮ ಮನೆಗಳಲ್ಲಿ ರೋಗಿಯಿಂದ ರೋಗದ ಹೆಸರನ್ನೇ ಮುಚ್ಚಿಡುವ ರೂಢಿಯುಂಟು. ‘ಅಪ್ಪಾರಿಗೆ ಹೇಳಬ್ಯಾಡ್ರಿ, ಎದೆ ಒಡಕೋತಾರ’ ಎಂದು ಮಕ್ಕಳು ವೈದ್ಯರ ಕಿವಿಯಲ್ಲಿ ಬೇಡಿಕೊಳ್ಳುತ್ತಾರೆ. ಆ ಕಾಳಜಿ ಪ್ರೀತಿಯಿಂದ ಬಂದದ್ದೇ. ಆದರೆ ವರ್ಷಾನುಗಟ್ಟಲೆ ಜೊತೆಗಿರುವ ರೋಗವನ್ನು ಮುಚ್ಚಿಡಲಾಗದು. ಹೊಸ ಗಂಟನ್ನು ಮೊದಲು ಕಾಣುವವರು, ರಾತ್ರಿಯ ಬೆವರನ್ನು ಮೊದಲು ಅರಿಯುವವರು ರೋಗಿಯೇ ಅಲ್ಲವೆ? ಏನನ್ನು ಗಮನಿಸಬೇಕೆಂದು ತಿಳಿಯದವರು ಸಮಯಕ್ಕೆ ಸರಿಯಾಗಿ ಹೇಳುವುದಾದರೂ ಹೇಗೆ? ಅವರು ಅರಗಿಸಿಕೊಳ್ಳಬಲ್ಲಷ್ಟನ್ನು ಮೆಲ್ಲಗೆ, ಸುಳ್ಳಿಲ್ಲದೆ ಹೇಳುವುದು ಮೇಲು.

ರೋಗ ಮರಳಿದಾಗ ವೈದ್ಯರನ್ನು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಈಗಲೇ ಚಿಕಿತ್ಸೆ ಬೇಕೋ, ಕಾಯಬಹುದೋ? ರೋಗ ರೂಪಾಂತರಗೊಂಡಿಲ್ಲವೆಂದು ಬಯಾಪ್ಸಿಯಿಂದ ಖಚಿತವಾಗಿದೆಯೆ? ಈ ಔಷಧದಿಂದ ಎಷ್ಟು ಕಾಲದ ವಿರಾಮ ನಿರೀಕ್ಷಿಸಬಹುದು? ಇದರ ತೊಂದರೆಗಳೇನು, ಒಟ್ಟು ವೆಚ್ಚವೆಷ್ಟು? ಇದು ಫಲಿಸದಿದ್ದರೆ ಮುಂದಿನ ದಾರಿ ಯಾವುದು? ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿಯೂ ಉತ್ತರ ದೊರೆಯುತ್ತದೆ.

ಎಲ್ಲ ದಾರಿಗಳೂ ತೀರಿದ ಸ್ಥಿತಿ ಕೆಲವರಿಗೆ ಬರುವುದುಂಟು. ಆಗಲೂ ಮಾಡಬೇಕಾದದ್ದು ಬಹಳವಿದೆ. ನೋವು, ಉಬ್ಬಸ, ನಿದ್ರಾಹೀನತೆಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆ ಇಂದು ವೈದ್ಯಶಾಸ್ತ್ರದ ಒಂದು ಬೆಳೆದ ಅಂಗ. ಅದನ್ನು ಕೊನೆಯ ವಾರಕ್ಕೆ ಮೀಸಲಿಡದೆ ಮೊದಲೇ ಜೊತೆಗೂಡಿಸಿಕೊಂಡರೆ ರೋಗಿಯ ದಿನಗಳು ಹಗುರವಾಗುತ್ತವೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೊಡನೆ ನಮ್ಮ ಹಿರಿಯರು ದಶಕಗಳ ಕಾಲ ಬಾಳುವುದನ್ನು ಕಂಡಿದ್ದೇವೆ. ಅವು ಗುಣವಾಗಿಲ್ಲವೆಂದು ಯಾರೂ ಬದುಕನ್ನು ಬಿಟ್ಟುಕೊಟ್ಟಿಲ್ಲ. ಫಾಲಿಕ್ಯುಲರ್ ಲಿಂಫೋಮಾ ಅವುಗಳಿಗಿಂತ ಕಠಿಣವಾದ ಸಂಗಾತಿಯೇ ಹೌದು. ಆದರೆ ಹೆಚ್ಚಿನವರ ವಿಷಯದಲ್ಲಿ ಅದೂ ದೀರ್ಘಕಾಲದ ಸಂಗಾತಿ. ಹೇಳಿದ ದಿನಕ್ಕೆ ಪರೀಕ್ಷೆಗೆ ಹೋಗುವುದು, ಹೊಸ ಗಂಟನ್ನು ಅಡಗಿಸದಿರುವುದು, ಬಯಾಪ್ಸಿಗೆ ಅಂಜದಿರುವುದು, ಉಳಿದ ದಿನಗಳಲ್ಲಿ ತಮ್ಮ ತಮ್ಮ ಕಾಯಕದಲ್ಲಿ ತೊಡಗಿರುವುದು ರೋಗಿಗಳು ಪಾಲಿಸಬೇಕಾದ ನೇಮ. ಅವರ ಜೊತೆಗೆ ಆಸ್ಪತ್ರೆಯ ಬೆಂಚಿನ ಮೇಲೆ ತಾಳ್ಮೆಯಿಂದ ಕುಳಿತುಕೊಳ್ಳುವುದು ಮನೆಯವರು ಮಾಡಬಹುದಾದ ದೊಡ್ಡ ಸೇವೆ.